ಲಿಫ್ಟ್ ಹಾಕಿದ ಮೇಲೆ ಮುಂದಿನ ಆಕ್ಸಲ್ ಸದ್ದು: ಪಾರ್ಟ್ ತರಿಸುವ ಮೊದಲು ಹೀಗೆ ಹುಡುಕಿ

ಗಾಡಿಗೆ ಎರಡು ಇಂಚು ಲಿಫ್ಟ್ (ಸಸ್ಪೆನ್ಷನ್ ಎತ್ತರ ಮಾಡುವ ಕಿಟ್) ಹಾಕಿಸಿದವರು ಕೆಲವೇ ದಿನಕ್ಕೆ ಹೇಳುವ ಮಾತು ಹೆಚ್ಚುಕಮ್ಮಿ ಒಂದೇ: "ಮುಂದ್ಗಡೆ ಏನೋ ಸದ್ದು ಬರ್ತಿದೆ." ಮೂಡಿಗೆರೆ ಹತ್ತಿರ ನನ್ನದೊಂದು ಶೆಡ್ ಇದೆ. ಬರುವ ಗಾಡಿಗಳು ಬಹಳಷ್ಟು ಕಾಫಿ ತೋಟದವು. ಇಸುಜು ವಿ-ಕ್ರಾಸ್, ಥಾರ್, ಹಳೇ ಜಿಪ್ಸಿ, ಈಚೆಗೆ ಜಿಮ್ನಿ. ಮಳೆಗಾಲ ಮುಗಿಯುವ ಹೊತ್ತಿಗೆ ತೋಟದ ರಸ್ತೆಯಲ್ಲಿ ಚಕ್ರದ ಹಳ್ಳ ಆಳವಾಗಿ, ನಡುವಿನ ದಿಬ್ಬ ಗಾಡಿಯ ಹೊಟ್ಟೆಗೆ ತಾಗುತ್ತದೆ. ಹಾಗಾಗಿ ಎತ್ತರ ಮಾಡಿಸುತ್ತಾರೆ. ಬೇಕಾಗಿಯೇ ಮಾಡಿಸುವ ಕೆಲಸ ಅದು.

ಆದರೆ ಸದ್ದು ಕೇಳಿದ ಕೂಡಲೇ "ಆಕ್ಸಲ್ ಹೋಯ್ತು" ಅಂತ ತೀರ್ಮಾನ ಮಾಡಿ, ಎರಡೂ ಕಡೆ ಹೊಸ ಶಾಫ್ಟ್ ತರಿಸಿ, ಹಾಕಿದ ಮೇಲೂ ಅದೇ ಸದ್ದು ಬಂದರೆ ಹೊಟ್ಟೆ ಉರಿಯುತ್ತದೆ. ದುಡ್ಡು ನಿಮ್ಮದು ತಾನೇ? ಸದ್ದು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಅನ್ನುವುದನ್ನು ಸರಿಯಾಗಿ ಹಿಡಿದರೆ ಸ್ಪ್ಯಾನರ್ ಮುಟ್ಟುವ ಮೊದಲೇ ಅರ್ಧ ಕೆಲಸ ಮುಗಿಯುತ್ತದೆ. ಉಳಿದರ್ಧ, ಒಂದೊಂದಾಗಿ ಅನುಮಾನ ಕಳೆಯುತ್ತಾ ಹೋಗುವುದು. ಎರಡನ್ನೂ ನೀವೇ ಮಾಡಬಹುದು.

ನಿಮ್ಮ ಗಾಡಿಯ ಮುಂಭಾಗ ಯಾವ ಜಾತಿ?

ಇದು ಗೊತ್ತಿಲ್ಲದೆ ಹುಡುಕಲು ಹೊರಟರೆ ದಾರಿ ತಪ್ಪುತ್ತದೆ. ವಿ-ಕ್ರಾಸ್ ಮತ್ತು 2020ರ ನಂತರದ ಥಾರ್‌ನಲ್ಲಿ ಮುಂದಿನ ಎಡ ಚಕ್ರ, ಬಲ ಚಕ್ರ ಬೇರೆ ಬೇರೆಯಾಗಿ ಏರಿಳಿಯುತ್ತವೆ. ಡಿಫರೆನ್ಷಿಯಲ್, ಅಂದರೆ ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ, ಚಾಸಿಸ್‌ಗೆ ಕಟ್ಟಿರುತ್ತದೆ. ಅಲ್ಲಿಂದ ಒಂದೊಂದು ಚಕ್ರಕ್ಕೂ ಒಂದೊಂದು ಸಿ.ವಿ. ಶಾಫ್ಟ್ (ಎರಡೂ ತುದಿಯಲ್ಲಿ ಮಡಚಿಕೊಂಡೇ ತಿರುಗಬಲ್ಲ ಜಾಯಿಂಟ್ ಇರುವ ಶಾಫ್ಟ್) ಹೋಗುತ್ತದೆ. ಲಿಫ್ಟ್ ಹಾಕಿದಾಗ ಚಾಸಿಸ್ ಜೊತೆ ಡಿಫರೆನ್ಷಿಯಲ್ ಕೂಡ ಮೇಲೆ ಹೋಗುತ್ತದೆ, ಚಕ್ರ ಮಾತ್ರ ನೆಲದಲ್ಲೇ ಇರುತ್ತದೆ. ಶಾಫ್ಟ್ ಓರೆಯಾಗದೆ ಬೇರೆ ದಾರಿಯಿಲ್ಲ. 2020ಕ್ಕಿಂತ ಹಿಂದಿನ ಥಾರ್ ಸಿ.ಆರ್.ಡಿ.ಇ. ಕೂಡ ಇದೇ ಜಾತಿ, ಆದರೆ ಅದರಲ್ಲಿ ಕಾಯಿಲ್ ಸ್ಪ್ರಿಂಗ್ ಬದಲು ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಉಕ್ಕಿನ ಸಲಾಕೆ) ಇದೆ. ಬಾರ್‌ನ ಬೋಲ್ಟ್ ತಿರುಗಿಸಿದರೆ ಸಾಕು, ಮುಂಭಾಗ ಮೇಲೇಳುತ್ತದೆ. ಖರ್ಚಿಲ್ಲ ಅಂತ ಜಾಸ್ತಿ ತಿರುಗಿಸುತ್ತಾರೆ, ಶಾಫ್ಟ್ ಅಷ್ಟೇ ಜಾಸ್ತಿ ಓರೆಯಾಗುತ್ತದೆ.

ಜಿಪ್ಸಿ, ಜಿಮ್ನಿ, ಹಳೇ ಮಹೀಂದ್ರ ಜೀಪುಗಳದ್ದು ಬೇರೆ ಜಾತಿ. ಎಡದಿಂದ ಬಲಕ್ಕೆ ಒಂದೇ ಗಟ್ಟಿ ಆಕ್ಸಲ್, ಡಿಫರೆನ್ಷಿಯಲ್ ಅದರಲ್ಲೇ ಕೂತಿರುತ್ತದೆ. ಗಾಡಿಯನ್ನು ಎಷ್ಟೇ ಎತ್ತಿದರೂ ಆಕ್ಸಲ್ ಒಳಗಿನ ಶಾಫ್ಟ್ ಇದ್ದ ಹಾಗೇ ಇರುತ್ತದೆ. ಓರೆಯಾಗುವುದು ಟ್ರಾನ್ಸ್‌ಫರ್ ಕೇಸಿನಿಂದ (ಮುಂದಕ್ಕೂ ಹಿಂದಕ್ಕೂ ಶಕ್ತಿ ಕಳಿಸುವ ನಡುವಿನ ಗೇರ್ ಪೆಟ್ಟಿಗೆ) ಮುಂದೆ ಬರುವ ಪ್ರೊಪೆಲ್ಲರ್ ಶಾಫ್ಟ್. ಹಾಗಾಗಿ ಲಿಫ್ಟ್ ಮಾಡಿದ ಜಿಪ್ಸಿಯಲ್ಲಿ ಸದ್ದು ಬಂದರೆ ಚಕ್ರದ ಹತ್ತಿರದ ಜಾಯಿಂಟನ್ನು ಮೊದಲು ಬಿಚ್ಚುವುದು ವ್ಯರ್ಥ. ಮೊದಲು ಗಾಡಿಯ ನಡುವಿಗೆ ಹೋಗಿ.

ಓಡಿಸುವ ಮೊದಲು

ವೀಲ್ ನಟ್ ನೋಡಿ. ಲಿಫ್ಟ್ ಹಾಕುವಾಗ ಚಕ್ರಗಳನ್ನೆಲ್ಲ ಬಿಚ್ಚಿರುತ್ತಾರೆ. ಜೊತೆಗೆ ಹೊಸ ಅಲಾಯ್ ಹಾಕಿದ್ದರೆ, ನಟ್ ಕೂರುವ ಗುಂಡಿಯ ಆಕಾರ ಹಳೇ ನಟ್‌ಗೆ ಹೊಂದದೆಯೂ ಇರಬಹುದು. ಆಗ ಬಿಗಿ ಆದ ಹಾಗೆ ಅನ್ನಿಸಿದರೂ ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಸಡಿಲವಾಗುತ್ತದೆ. ನಿಧಾನಕ್ಕೆ ಹೋಗುವಾಗ ಕಟ್ ಕಟ್ ಅನ್ನುವ ಸದ್ದಿಗೆ ಇದೂ ಒಂದು ಕಾರಣ. ಇದನ್ನು ನಾಳೆಗೆ ಬಿಡಬೇಡಿ.

ಆಮೇಲೆ ಲಿಫ್ಟ್ ಕೆಲಸದಲ್ಲಿ ಕೈ ಬಿದ್ದ ಪ್ರತಿ ಬೋಲ್ಟ್. ಸ್ಟ್ರಟ್‌ನ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಜೋಡಣೆ) ತಲೆಯ ನಟ್‌ಗಳು, ಬುಡದ ಬೋಲ್ಟ್, ಮೇಲಿನ ಆರ್ಮ್‌ನ ಬೋಲ್ಟ್, ಬಾಲ್ ಜಾಯಿಂಟ್ ನಟ್, ಸ್ಟೆಬಿಲೈಸರ್ ಲಿಂಕ್, ಟೈ ರಾಡ್ ಎಂಡ್, ಬ್ರೇಕ್ ಕ್ಯಾಲಿಪರ್ ಬೋಲ್ಟ್. ಟಾರ್ಕ್ ರೆಂಚ್ ಹಿಡಿದು, ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುವಲ್‌ನಲ್ಲಿರುವ ಅಳತೆಗೇ ಬಿಗಿ ಮಾಡಿ. ಬಿಗಿ ಮಾಡಿದ ಪ್ರತಿ ನಟ್ ಮೇಲೆ, ನಟ್‌ನಿಂದ ಪಕ್ಕದ ಲೋಹದವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಐನೂರು ಕಿಲೋಮೀಟರ್ ಆದ ಮೇಲೆ ಟಾರ್ಚ್ ಹಾಕಿ ನೋಡಿದರೆ ಸಾಕು. ಗೆರೆ ಎರಡು ತುಂಡಾಗಿದ್ದರೆ ನಟ್ ತಿರುಗಿದೆ. ಬಗ್ಗಿ ನೋಡಲು ಹತ್ತು ನಿಮಿಷ ಸಾಕು.

ಅದೇ ಟಾರ್ಚಿನಲ್ಲಿ ಬ್ರೇಕ್ ಡಿಸ್ಕ್ ಹಿಂದಿನ ತೆಳು ತಗಡನ್ನೂ ನೋಡಿ. ಸ್ಟ್ರಟ್ ಇಳಿಸುವಾಗ ಕೈಯೋ ಹಾರೆಯೋ ತಾಗಿ ಅದು ಬಗ್ಗುತ್ತದೆ. ಡಿಸ್ಕಿಗೆ ಉಜ್ಜಿ ಕಿರ್‍ರ್ ಅನ್ನುತ್ತದೆ. ಬೆರಳಿನಲ್ಲಿ ಹಿಂದಕ್ಕೆ ಒತ್ತಿದರೆ ಆಯ್ತು.

ಸದ್ದನ್ನು ವಿಚಾರಿಸುವುದು

ತೋಟದವರೊಬ್ಬರು ವಿ-ಕ್ರಾಸ್ ತಂದಿದ್ದರು. ಬೇರೆ ಕಡೆ ಎರಡೂ ಶಾಫ್ಟ್ ಬದಲಾಯಿಸಬೇಕು ಅಂತ ಹೇಳಿ ಕಳಿಸಿದ್ದರು.

"ಯಾವಾಗ ಬರುತ್ತೆ ಸಾರ್ ಸದ್ದು?"

"ಯಾವಾಗ್ಲೂ ಬರುತ್ತೆ ಮಾರಾಯ. ತಲೆ ಕೆಟ್ಟು ಹೋಗಿದೆ."

ಎಲ್ಲರೂ ಹಾಗೇ ಹೇಳುತ್ತಾರೆ. ಅವರನ್ನೇ ಡ್ರೈವ್ ಮಾಡಲು ಹೇಳಿ ನಾನು ಪಕ್ಕ ಕೂತೆ. ಕೊಟ್ಟಿಗೆಹಾರದ ಕಡೆ ನೇರ ರಸ್ತೆಯಲ್ಲಿ ಅರವತ್ತರಲ್ಲಿ ಏನೂ ಇಲ್ಲ. ತಿರುವಿನಲ್ಲೂ ಇಲ್ಲ. ಹಂಪ್ ಹತ್ತುವಾಗ ಇಲ್ಲ. ಹಂಪ್ ಇಳಿದಾಗ ಮಾತ್ರ, ಚಕ್ರ ಕೆಳಗೆ ಜೋಲುವ ಹೊತ್ತಿಗೆ ಸರಿಯಾಗಿ, ಧಡ್ ಅಂತ ಒಂದೇ ಏಟು. ಶಾಫ್ಟಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನೀವೂ ಹೀಗೇ ಮಾಡಿ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ. ಹಾಡು, ಎ.ಸಿ. ಎರಡೂ ಆಫ್. ಗಾಜು ಇಳಿಸಿ, ಉದ್ದಕ್ಕೆ ಕಾಂಪೌಂಡ್ ಗೋಡೆ ಇರುವ ಕಡೆ ನಿಧಾನಕ್ಕೆ ಓಡಿಸಿ. ಗೋಡೆಗೆ ಬಡಿದು ವಾಪಸ್ ಬರುವ ಸದ್ದು ಎಷ್ಟು ಚೆನ್ನಾಗಿ ಕೇಳುತ್ತದೆ ಅಂದರೆ, ಎಡವೋ ಬಲವೋ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಒಂದೊಂದೇ ಪ್ರಶ್ನೆ. ಸ್ಪೀಡ್ ಹೆಚ್ಚಿದ ಹಾಗೆ ಸದ್ದೂ ಹೆಚ್ಚುತ್ತದಾ? ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಬದಲಾಗುತ್ತದಾ? ನ್ಯೂಟ್ರಲ್‌ಗೆ ಹಾಕಿ ಉರುಳಲು ಬಿಟ್ಟರೆ? ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ? ಬ್ರೇಕ್ ಒತ್ತಿದ ಕೂಡಲೇ ನಿಲ್ಲುತ್ತದಾ? ಚಕ್ರ ಮೇಲೆ ಹೋಗುವಾಗಲೋ, ಕೆಳಗೆ ಬರುವಾಗಲೋ?

ಲಯವಾಗಿ ಬರುವ ಸದ್ದಾದರೆ ಎಣಿಸಿ. 245/70 ಆರ್16 ಸೈಜಿನ ಟೈರ್ ಒಂದು ಸುತ್ತಿಗೆ ಸುಮಾರು 2.35 ಮೀಟರ್ ಓಡುತ್ತದೆ. ಗಂಟೆಗೆ 10 ಕಿಲೋಮೀಟರ್ ಸ್ಪೀಡಿನಲ್ಲಿ ಚಕ್ರ ಸೆಕೆಂಡಿಗೆ ಒಂದು ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗುತ್ತದೆ. ಟೈರಿನ ಪಕ್ಕಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒಬ್ಬರು ಪಕ್ಕದಲ್ಲಿ ನಡೆಯುತ್ತಾ ನೋಡಲಿ. ಗುರುತು ಒಂದು ಸಲ ಕೆಳಗೆ ಬಂದಾಗ ಸದ್ದೂ ಒಂದೇ ಸಲ ಬಂದರೆ ಅದು ಚಕ್ರದ ಜೊತೆ ತಿರುಗುವ ವಸ್ತು: ಟೈರ್, ಡಿಸ್ಕ್, ಹಬ್, ಸಿ.ವಿ. ಶಾಫ್ಟ್. ಪ್ರೊಪೆಲ್ಲರ್ ಶಾಫ್ಟ್ ಇಂಥ ಗಾಡಿಗಳಲ್ಲಿ ಚಕ್ರಕ್ಕಿಂತ ಸುಮಾರು ನಾಲ್ಕು ಪಟ್ಟು ಜೋರಾಗಿ ತಿರುಗುತ್ತದೆ. ಚಕ್ರದ ಒಂದು ಸುತ್ತಿಗೆ ನಾಲ್ಕೈದು ಸಲ, ಇಲ್ಲವೇ ಅದಕ್ಕಿಂತ ಬೇಗ ಬಂದರೆ ಕಣ್ಣು ಅತ್ತ ಹಾಕಿ.

ಒಂದು ಎಚ್ಚರಿಕೆ. ನಾನು ಹೆಸರಿಸಿದ ಗಾಡಿಗಳಲ್ಲಿ ಫೋರ್ ವೀಲ್ ಹಾಕಿದರೆ ಮುಂದಿನ ಮತ್ತು ಹಿಂದಿನ ಶಾಫ್ಟ್ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ, ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಒಣ ಟಾರ್ ರಸ್ತೆಯಲ್ಲಿ ಫೋರ್ ಹೈ (ನಾಲ್ಕೂ ಚಕ್ರಕ್ಕೆ ಶಕ್ತಿ, ಮಾಮೂಲಿ ವೇಗದ ಗೇರ್) ಹಾಕಿ ತಿರುಗಿಸಿದರೆ ಗಾಡಿ ಜಗ್ಗುತ್ತದೆ, ಟೈರ್ ಚೀರುತ್ತದೆ, ಕಟಕಟ ಅನ್ನುತ್ತದೆ. ಅದು ದೋಷ ಅಲ್ಲ, ಅದರ ಸ್ವಭಾವ. ಫೋರ್ ವೀಲ್ ಪರೀಕ್ಷೆ ಏನಿದ್ದರೂ ಸಡಿಲ ಮಣ್ಣಿನಲ್ಲೋ ಜಲ್ಲಿಯಲ್ಲೋ ಮಾಡಿ.

ಹಂಪ್ ಇಳಿದಾಗ ಧಡ್

ಈಗ ಆ ವಿ-ಕ್ರಾಸ್ ವಿಷಯಕ್ಕೆ ಬರೋಣ. ಗಾಡಿ ಸಮತಟ್ಟು ನೆಲದಲ್ಲಿ ನಿಂತಿರುವಾಗ ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಅಳೆಯಿರಿ. ಅಳತೆಯನ್ನು ಮಡ್‌ಗಾರ್ಡ್ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ, ಮುಂದೆಯೂ ಬೇಕಾಗುತ್ತದೆ. ಆಮೇಲೆ ಚಾಸಿಸ್‌ಗೆ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರ ಪೂರ್ತಿ ಜೋಲಲು ಬಿಡಿ. ಮತ್ತೆ ಅಳೆಯಿರಿ. ಎರಡರ ನಡುವಿನ ವ್ಯತ್ಯಾಸವೇ ಚಕ್ರ ಇನ್ನೂ ಎಷ್ಟು ಕೆಳಗೆ ಹೋಗಬಲ್ಲದು ಅನ್ನುವ ಲೆಕ್ಕ. ಆ ಗಾಡಿಯಲ್ಲಿ ಅದು ಎರಡು ಬೆರಳಿನಷ್ಟೂ ಇರಲಿಲ್ಲ. ಹಂಪ್ ಇಳಿದಾಗ ಸ್ಟ್ರಟ್ ತನ್ನ ಉದ್ದದ ಕೊನೆ ಮುಟ್ಟಿ ಏಟು ಹಾಕುತ್ತಿತ್ತು.

ಕಾರಣ ಕಿಟ್‌ನಲ್ಲೇ ಇದೆ. ಕೆಲವರು ಸ್ಪ್ರಿಂಗ್ ಮೇಲೆ ಸ್ಪೇಸರ್ ಇಟ್ಟು ಸ್ಪ್ರಿಂಗನ್ನು ಜಾಸ್ತಿ ಒತ್ತಿ ಕೂರಿಸುತ್ತಾರೆ. ಗಾಡಿ ಮೇಲೇಳುತ್ತದೆ, ಸ್ಟ್ರಟ್ ಉದ್ದ ಮಾತ್ರ ಹಳೇದೇ. ಮೇಲೆ ಎಷ್ಟು ಗಳಿಸಿದಿರೋ ಕೆಳಗೆ ಅಷ್ಟು ಕಳೆದುಕೊಂಡಿರಿ. ಇನ್ನು ಕೆಲವರು ಸ್ಟ್ರಟ್‌ನ ತಲೆಯ ಮೇಲೆ ಸ್ಪೇಸರ್ ಇಟ್ಟು ಇಡೀ ಸ್ಟ್ರಟ್ಟನ್ನೇ ಕೆಳಗೆ ತರುತ್ತಾರೆ. ಆಗ ಏಟು ಬೀಳುವುದಿಲ್ಲ, ಆದರೆ ಚಕ್ರ ಮೊದಲಿಗಿಂತ ಕೆಳಗೆ ಜೋಲುತ್ತದೆ. ಮೇಲಿನ ಆರ್ಮ್ ಬಂದು ಸ್ಪ್ರಿಂಗ್‌ಗೆ ತಾಗಬಹುದು. ಸ್ಪ್ರಿಂಗ್‌ನ ಸುರುಳಿಯ ಮೇಲೆ ಪೇಂಟ್ ಹೋಗಿ ಒಂದು ಕಡೆ ಮಾತ್ರ ಮಿರಿಮಿರಿ ಮಿಂಚುವ ಗುರುತಿದ್ದರೆ ಅದೇ ಸಾಕ್ಷಿ. ಎರಡಕ್ಕೂ ಸರಿಯಾದ ಪರಿಹಾರ ಅಂದರೆ ಲಿಫ್ಟ್‌ಗೆಂದೇ ಮಾಡಿದ, ಉದ್ದ ಹೊಂದುವ ಸ್ಟ್ರಟ್. ಬೇಕಾದರೆ ಜೊತೆಗೆ ಬೇರೆ ಮೇಲಿನ ಆರ್ಮ್.

ಸಣ್ಣ ಸಣ್ಣ ಗುಂಡಿಯಲ್ಲಿ ಟಕ್ ಟಕ್ ಟಕ್ ಅಂತ ಬಂದರೆ ಅದು ಬೇರೆ ಕಥೆ. ಹೆಚ್ಚಿನ ಸಲ ಸ್ಟೆಬಿಲೈಸರ್ ಬಾರ್‌ನ ಲಿಂಕ್. ಪರೀಕ್ಷೆ ಸುಲಭ. ಎರಡೂ ಕಡೆ ಲಿಂಕ್ ಬಿಚ್ಚಿ, ಬಾರ್ ಯಾವುದಕ್ಕೂ ತಾಗದಂತೆ ಕಟ್ಟಿ, ನಿಧಾನಕ್ಕೆ ಅದೇ ಗುಂಡಿಗಳ ಮೇಲೆ ಹೋಗಿ ಬನ್ನಿ. ಸದ್ದು ಹೋಯ್ತಾ? ಸಿಕ್ಕಿತು. ಬಾರ್ ಇಲ್ಲದೆ ತಿರುವಿನಲ್ಲಿ ಗಾಡಿ ವಾಲುತ್ತದೆ, ಹಾಗಾಗಿ ಈ ಪರೀಕ್ಷೆ ಮನೆ ಮುಂದಿನ ರಸ್ತೆಯಲ್ಲಷ್ಟೇ. ಘಾಟಿಗೆ ಹೋಗಬೇಡಿ.

ಬುಷ್: ನಾನು ಅತಿ ಹೆಚ್ಚು ನೋಡುವ ಕಾರಣ

ನಿಂತ ಗಾಡಿಯ ಬಾನೆಟ್ ಮೇಲೆ ಕೈ ಊರಿ ಒತ್ತಿದರೆ ಕೀಂಚ್ ಅನ್ನುತ್ತದೆ, ಗೇಟಿನಿಂದ ನಿಧಾನಕ್ಕೆ ಹೊರಗೆ ತಿರುಗುವಾಗ ಕಿರಗುಟ್ಟುತ್ತದೆ, ಬೆಳಿಗ್ಗೆ ಚಳಿಯಲ್ಲಿ ಜಾಸ್ತಿ, ಮಳೆ ಬಂದರೆ ಕಮ್ಮಿ. ಇದಿಷ್ಟೂ ಹೊಂದಿದರೆ ಆರ್ಮ್‌ನ ಬುಷ್ ಕಡೆ ನೋಡಿ.

ಬುಷ್ ಅಂದರೆ ಹೊರಗೊಂದು ಲೋಹದ ಬಳೆ, ಒಳಗೊಂದು ಲೋಹದ ಕೊಳವೆ, ನಡುವೆ ರಬ್ಬರ್. ರಬ್ಬರ್ ಎರಡಕ್ಕೂ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿ ಮಾಡಿದಾಗ ಒಳಗಿನ ಕೊಳವೆ ಬ್ರಾಕೆಟ್‌ಗೆ ಕಚ್ಚಿಕೊಂಡು ಅಲುಗಾಡದೆ ನಿಲ್ಲುತ್ತದೆ. ಆರ್ಮ್ ಮೇಲೆ ಕೆಳಗೆ ಆಡುವಾಗ ತಿರುಚಿಕೊಳ್ಳುವುದು ನಡುವಿನ ರಬ್ಬರ್ ಮಾತ್ರ. ಅದು ಎರಡೂ ಕಡೆಗೆ ಸಮವಾಗಿ ತಿರುಚಿಕೊಳ್ಳಬೇಕಾದರೆ, ಗಾಡಿ ನೆಲದ ಮೇಲೆ ತನ್ನ ಭಾರದಲ್ಲಿ ನಿಂತಿರುವಾಗಲೇ ಬೋಲ್ಟ್ ಬಿಗಿ ಮಾಡಬೇಕು.

ಅವಸರದಲ್ಲಿ ಏನಾಗುತ್ತದೆ ಅಂದರೆ, ಗಾಡಿ ಶೆಡ್ಡಿನ ಎತ್ತುವ ಯಂತ್ರದ ಮೇಲಿರುತ್ತದೆ, ಆರ್ಮ್ ಕೆಳಗೆ ಜೋಲುತ್ತಿರುತ್ತದೆ, ಅದೇ ಸ್ಥಿತಿಯಲ್ಲಿ ಇಂಪ್ಯಾಕ್ಟ್ ಗನ್ ಹಿಡಿದು ಬಿಗಿ ಮಾಡಿಬಿಡುತ್ತಾರೆ. ಗಾಡಿ ಕೆಳಗಿಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ನಿಂತಾಗಲೂ ಅಷ್ಟೇ, ಓಡುವಾಗಲೂ ಅಷ್ಟೇ. ಮೊದಲು ಕಿರಗುಟ್ಟುತ್ತದೆ, ಆಮೇಲೆ ಹರಿಯುತ್ತದೆ, ಹರಿದ ಮೇಲೆ ಲೋಹಕ್ಕೆ ಲೋಹ ತಾಗಿ ಧಡಧಡ ಶುರು. ಆಗ ಅದನ್ನೇ ಆಕ್ಸಲ್ ಸದ್ದು ಅಂದುಕೊಳ್ಳುತ್ತಾರೆ.

ಖಾತ್ರಿ ಮಾಡಿಕೊಳ್ಳಲು ಸೋಪಿನ ನೀರು ಸಾಕು. ಸ್ಪ್ರೇ ಬಾಟಲಿಯಲ್ಲಿ ತುಂಬಿ ಒಂದು ಬುಷ್‌ಗೆ ಮಾತ್ರ ಹೊಡೆಯಿರಿ, ಬಾನೆಟ್ ಒತ್ತಿ ನೋಡಿ. ಸದ್ದು ಹಾಗೇ ಇದ್ದರೆ ಮುಂದಿನ ಬುಷ್. ಯಾವುದಕ್ಕೆ ಹೊಡೆದಾಗ ಸದ್ದು ನಿಂತಿತೋ ಅದೇ. ಎಂಜಿನ್ ಆಯಿಲ್, ಡೀಸೆಲ್ ಹಾಕಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಕಿಟ್ ಜೊತೆ ಪಾಲಿಯುರೆಥೇನ್ ಬುಷ್ ಬಂದಿದ್ದರೆ ಅದಕ್ಕೆ ಬೇರೆಯದೇ ಸಿಲಿಕೋನ್ ಗ್ರೀಸ್ ಬೇಕು. ಒಣಗಿಸಿ ಹಾಕಿದರೆ ಅದು ಕಿರುಚದೆ ಬಿಡುವುದಿಲ್ಲ.

ಸರಿಪಡಿಸುವುದು ಹೀಗೆ. ಗಾಡಿ ಸಮತಟ್ಟು ಜಾಗದಲ್ಲಿ ನಾಲ್ಕೂ ಚಕ್ರದ ಮೇಲೆ ನಿಂತಿರಲಿ. ಹಿಂದಿನ ಚಕ್ರಕ್ಕೆ ಅಡ್ಡ ಕಲ್ಲು ಕೊಡಿ. ಮುಂಭಾಗವನ್ನು ನಾಲ್ಕೈದು ಸಲ ಒತ್ತಿ ಬಿಡಿ, ಗಾಡಿ ತನ್ನ ಎತ್ತರಕ್ಕೆ ಕೂರಲಿ. ಆರ್ಮ್‌ನ ಬೋಲ್ಟ್‌ಗಳನ್ನು ಬಿಚ್ಚದೆ, ಒಂದು ಸುತ್ತಿನಷ್ಟು ಮಾತ್ರ ಸಡಿಲ ಮಾಡಿ. ಎಷ್ಟೋ ಸಲ ಆಗ ಟಪ್ ಅಂತ ಸದ್ದು ಬಂದು ರಬ್ಬರ್ ತನ್ನ ಜಾಗಕ್ಕೆ ತಿರುಗಿದ್ದು ಕಣ್ಣಿಗೇ ಕಾಣುತ್ತದೆ. ಮತ್ತೆ ಒತ್ತಿ ಬಿಟ್ಟು, ಅದೇ ಸ್ಥಿತಿಯಲ್ಲಿ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ. ಕೆಲವು ಗಾಡಿಗಳಲ್ಲಿ ಆರ್ಮ್‌ನ ಬೋಲ್ಟ್‌ಗೆ ನಡು ತಪ್ಪಿದ ರಂಧ್ರದ ಕ್ಯಾಮ್ ವಾಷರ್ ಇರುತ್ತದೆ, ಅದನ್ನು ತಿರುಗಿಸಿಯೇ ಅಲೈನ್‌ಮೆಂಟ್ ಮಾಡುವುದು. ಅಂಥದ್ದಿದ್ದರೆ ಸಡಿಲಿಸುವ ಮೊದಲು ಅದರ ಸ್ಥಾನವನ್ನು ಪೇಂಟಿನಲ್ಲಿ ಗುರುತು ಮಾಡಿ, ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಲಿಫ್ಟ್ ಆದ ಮೇಲೆ ಅಲೈನ್‌ಮೆಂಟ್ ಹೇಗೂ ಆಗಲೇಬೇಕು ಅಲ್ವಾ.

ಸಿ.ವಿ. ಶಾಫ್ಟ್: ಜೋಲುವ ಚಕ್ರ ನೋಡಿ ತೀರ್ಪು ಕೊಡಬೇಡಿ

ಗಾಡಿಯನ್ನು ಜಾಕ್ ಮೇಲೆ ಎತ್ತಿ, ಚಕ್ರ ಕೈಯಲ್ಲಿ ತಿರುಗಿಸಿ, "ನೋಡಿ, ಕಟ್ ಕಟ್ ಅಂತಿದೆ, ಶಾಫ್ಟ್ ಹೋಗಿದೆ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಚಕ್ರ ಪೂರ್ತಿ ಜೋಲುವಾಗ ಶಾಫ್ಟಿನ ಓರೆ ಅತಿ ಹೆಚ್ಚು ಇರುತ್ತದೆ. ಅದರಲ್ಲೂ ಡಿಫರೆನ್ಷಿಯಲ್ ಹತ್ತಿರದ ಒಳಗಿನ ಜಾಯಿಂಟ್ ತಡೆಯುವುದು ಹೊರಗಿನ ಜಾಯಿಂಟಿನ ಸುಮಾರು ಅರ್ಧದಷ್ಟು ಓರೆ ಮಾತ್ರ. ಲಿಫ್ಟ್ ಮಾಡಿದ ಗಾಡಿಯಲ್ಲಿ ಒಳ್ಳೇ ಶಾಫ್ಟ್ ಕೂಡ ಆ ಸ್ಥಿತಿಯಲ್ಲಿ ತಡವರಿಸುತ್ತದೆ. ರಸ್ತೆಯಲ್ಲಿ ಅದು ಆ ಸ್ಥಿತಿಯಲ್ಲಿ ಇರುವುದೇ ಅಪರೂಪ.

ಸರಿಯಾದ ಪರೀಕ್ಷೆಗೆ ಮಡ್‌ಗಾರ್ಡ್ ಮೇಲೆ ಬರೆದಿಟ್ಟ ಅಳತೆ ಬೇಕು. ಗಾಡಿ ಟೂ ಹೈನಲ್ಲಿ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ), ಗೇರ್ ನ್ಯೂಟ್ರಲ್‌ನಲ್ಲಿ, ಎಂಜಿನ್ ಆಫ್, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಚಾಸಿಸ್ ಸ್ಟ್ಯಾಂಡ್ ಮೇಲಿರಲಿ. ಕೆಳಗಿನ ಆರ್ಮ್‌ಗೆ ಬಾಟಲ್ ಜಾಕ್ ಕೊಟ್ಟು, ನೆಲದಲ್ಲಿದ್ದಾಗಿನ ಅಳತೆ ಬರುವವರೆಗೆ ಚಕ್ರವನ್ನು ಮೇಲೆತ್ತಿ. ಚಾಸಿಸ್ ಸ್ಟ್ಯಾಂಡಿನಿಂದ ಮೇಲೇಳುವ ಹಾಗೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಈಗ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಸ್ಟಿಯರಿಂಗ್ ನೇರವಾಗಿಟ್ಟು, ಎಡಕ್ಕೆ ಪೂರ್ತಿ ತಿರುಗಿಸಿ, ಬಲಕ್ಕೆ ಪೂರ್ತಿ ತಿರುಗಿಸಿ. ಈ ಎತ್ತರದಲ್ಲೂ ಸಿಕ್ಕಿಕೊಂಡ ಹಾಗೆ, ಕಲ್ಲು ಅರೆದ ಹಾಗೆ ಅನ್ನಿಸಿದರೆ ಅನುಮಾನ ನಿಜ. ಗಾಡಿ ಎತ್ತಿಕೊಂಡು ಎಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕುವ ಸಾಹಸ ಮಾತ್ರ ಯಾರೂ ಮಾಡಬೇಡಿ.

ರಬ್ಬರ್ ಬೂಟ್ ನೋಡಿ. ಹರಿದಿದ್ದರೆ ರಿಮ್‌ನ ಒಳಮೈಗೆ ಕಪ್ಪು ಗ್ರೀಸ್ ವೃತ್ತಾಕಾರದಲ್ಲಿ ಎರಚಿರುತ್ತದೆ. ಹರಿಯದಿದ್ದರೂ, ಓರೆ ಜಾಸ್ತಿಯಾದಾಗ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ, ನಿಧಾನಕ್ಕೆ ಹೋಗುವಾಗ ಚಿಂವ್ ಚಿಂವ್ ಅನ್ನುತ್ತವೆ. ಮಡಿಕೆಯ ತುದಿಗಳು ಉಜ್ಜಿ ನುಣ್ಣಗಾಗಿರುವುದು ಕಾಣುತ್ತದೆ. ಶಾಫ್ಟ್ ಇನ್ನೂ ಚೆನ್ನಾಗಿದೆ, ಆದರೆ ಬೂಟ್ ಹೆಚ್ಚು ದಿನ ಬಾಳುವುದಿಲ್ಲ ಅಂತ ಅರ್ಥ. ಕೆಸರಿನ ರಸ್ತೆಯಲ್ಲಿ ಬೂಟ್ ಹರಿದರೆ ಜಾಯಿಂಟಿಗೆ ಮಣ್ಣು ಹೋಗಲು ಒಂದು ದಿನ ಸಾಕು.

ಓಡಿಸುವಾಗಿನ ಲಕ್ಷಣ ಬೇರೆ. ಸಡಿಲ ಮಣ್ಣಿನಲ್ಲಿ ಫೋರ್ ಹೈ ಹಾಕಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಆಕ್ಸಿಲರೇಟರ್ ಕೊಡಿ. ಟಕ ಟಕ ಟಕ ಅಂತ ಬಂದರೆ ಹೊರಗಿನ ಜಾಯಿಂಟ್. ನೇರ ಹೋಗುವಾಗಲೇ ಆಕ್ಸಿಲರೇಟರ್ ಒತ್ತಿದಾಗ ಸ್ಟಿಯರಿಂಗ್‌ಗೆ ನಡುಕ ಬಂದು, ಬಿಟ್ಟ ಕೂಡಲೇ ನಿಂತರೆ ಒಳಗಿನ ಜಾಯಿಂಟ್. ಟೂ ವೀಲ್‌ನಲ್ಲಿ ಮುಂದಿನ ಶಾಫ್ಟ್ ಸುಮ್ನೆ ತಿರುಗುತ್ತದೆ ಅಷ್ಟೇ, ಎಂಜಿನ್ನಿನ ಶಕ್ತಿ ಅದರಲ್ಲಿ ಹಾಯುವುದಿಲ್ಲ. ಹಾಗಾಗಿ ಟೂ ವೀಲ್‌ನಲ್ಲಿ ಆಕ್ಸಿಲರೇಟರ್‌ಗೆ ತಕ್ಕಂತೆ ಬದಲಾಗುವ ಸದ್ದಿಗೆ ಮುಂದಿನ ಸಿ.ವಿ. ಶಾಫ್ಟನ್ನು ದೂರಬೇಡಿ.

ಗುಂಯ್‌ಗುಡುವ ಸದ್ದು

ಲಿಫ್ಟ್ ಜೊತೆಗೆ ಮಡ್ ಟೈರ್ ಹಾಕಿಸಿದವರು ಗುಂಯ್ ಅನ್ನುವ ಸದ್ದಿಗೆ ಬೇರಿಂಗ್ ಬದಲಾಯಿಸಲು ಬರುತ್ತಾರೆ. ಮೊದಲು ಟೈರನ್ನೇ ಅನುಮಾನಿಸಿ. ಟಾರ್ ಬಿಟ್ಟು ಮಣ್ಣಿಗೆ ಇಳಿದಾಗ ಸದ್ದು ಮಾಯವಾದರೆ ಟೈರ್. ಮುಂದಿನ ಟೈರ್ ಹಿಂದೆ ಹಾಕಿದಾಗ ಸದ್ದೂ ಹಿಂದೆ ಹೋದರೆ ಟೈರ್.

ಬೇರಿಂಗ್ ಆದರೆ ಭಾರ ಬಿದ್ದಾಗ ಜಾಸ್ತಿಯಾಗುತ್ತದೆ. ಖಾಲಿ ನೇರ ರಸ್ತೆಯಲ್ಲಿ ಐವತ್ತರ ಸ್ಪೀಡಿನಲ್ಲಿ ಮೆಲ್ಲಗೆ ಎಡಕ್ಕೆ, ಬಲಕ್ಕೆ ತೂಗಿ ನೋಡಿ. ಎಡಕ್ಕೆ ತಿರುಗಿಸಿದಾಗ ಭಾರ ಬಲ ಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಏರಿದರೆ ಬಲಗಡೆಯ ಬೇರಿಂಗ್. ಶೆಡ್ಡಿಗೆ ತಂದ ಮೇಲೆ ಚಕ್ರ ಎತ್ತಿ, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯನ್ನು ಕಾಯಿಲ್ ಸ್ಪ್ರಿಂಗ್‌ನ ಮೇಲ್ಭಾಗಕ್ಕೆ ಇಡಿ. ಹಾಳಾದ ಬೇರಿಂಗ್ ಇದ್ದರೆ ಸ್ಪ್ರಿಂಗ್‌ನಲ್ಲಿ ಜುಮುಜುಮು ಅಂತ ಬೆರಳಿಗೆ ತಿಳಿಯುತ್ತದೆ. ಕಿವಿಗೆ ಕೇಳದ್ದು ಕೂಡ ಹೀಗೆ ಸಿಗುತ್ತದೆ.

ಗಟ್ಟಿ ಆಕ್ಸಲ್ ಗಾಡಿಗಳಿಗೆ

ಜಿಪ್ಸಿಯ ಪಟ್ಟಿ ಸ್ಪ್ರಿಂಗ್‌ಗೆ ಪ್ಲೇಟ್ ಸೇರಿಸಿಯೋ ಉದ್ದ ಶ್ಯಾಕಲ್ (ಸ್ಪ್ರಿಂಗ್‌ನ ತುದಿಯನ್ನು ಚಾಸಿಸ್‌ಗೆ ಸೇರಿಸುವ ಕೊಂಡಿ) ಹಾಕಿಯೋ ಎತ್ತುತ್ತಾರೆ. ಇಲ್ಲಿ ಮೊದಲು ನೋಡಬೇಕಾದ್ದು ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್. ಹೊಸ ಪ್ಲೇಟುಗಳು ಒಂದಕ್ಕೊಂದು ಕೂತ ಮೇಲೆ ಯು ಬೋಲ್ಟ್ ಸಡಿಲವಾಗುವುದು ಸಹಜ. ಬ್ರೇಕ್ ಹಾಕಿದಾಗ ಒಂದು ಏಟು, ಹೊರಟಾಗ ಒಂದು ಏಟು ಬಂದರೆ ಅದೇ. 

ಫ್ರೀವೀಲ್ ಹಬ್ಬನ್ನು (ಚಕ್ರವನ್ನು ಆಕ್ಸಲ್ ಶಾಫ್ಟಿಗೆ ಸೇರಿಸುವ, ಬಿಡಿಸುವ ಹಬ್) ಕೈಯಿಂದ ತಿರುಗಿಸುವ ಗಾಡಿಯಾದರೆ ನಿಮಗೆ ಒಳ್ಳೇ ಅನುಕೂಲ ಇದೆ. ಟೂ ವೀಲ್‌ನಲ್ಲಿ ಹಬ್ ಲಾಕ್ ಮಾಡಿ ಓಡಿಸಿ, ಆಮೇಲೆ ಫ್ರೀ ಮಾಡಿ ಅದೇ ರಸ್ತೆಯಲ್ಲಿ ಓಡಿಸಿ. ಫ್ರೀ ಇದ್ದಾಗ ಆಕ್ಸಲ್ ಒಳಗಿನ ಶಾಫ್ಟ್, ಡಿಫರೆನ್ಷಿಯಲ್, ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಮೂರೂ ನಿಂತಿರುತ್ತವೆ. ಸದ್ದು ಹೋದರೆ ಆ ಮೂರರಲ್ಲೇ ಒಂದು. ಹೋಗದಿದ್ದರೆ ಬೇರಿಂಗ್, ಬ್ರೇಕ್, ಟೈರ್, ಸ್ಪ್ರಿಂಗ್ ಕಡೆ ಹೋಗಿ. ಒಂದು ನಟ್ ಕೂಡ ಬಿಚ್ಚದೆ ಅರ್ಧ ಗಾಡಿ ಲೆಕ್ಕದಿಂದ ಹೊರಗೆ! ಅಂಥ ಹಬ್ ಇಲ್ಲದಿದ್ದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಟ್ಟು ಟೂ ವೀಲ್‌ನಲ್ಲಿ ಓಡಿಸಿ. ಬಿಚ್ಚುವ ಮೊದಲು ಎರಡೂ ತುದಿಗೆ, ಜಾರುವ ಸ್ಪ್ಲೈನ್‌ಗೆ ಪೇಂಟ್ ಗುರುತು ಹಾಕಿ. ಒಂದು ಹಲ್ಲು ತಪ್ಪಿ ಸೇರಿಸಿದರೂ ಎರಡು ತುದಿಯ ಕ್ರಾಸ್‌ಗಳು (ಯೂನಿವರ್ಸಲ್ ಜಾಯಿಂಟ್) ಒಂದಕ್ಕೊಂದು ಹೊಂದದೆ ಹೊಸ ನಡುಕ ಶುರುವಾಗುತ್ತದೆ.

ಕ್ರಾಸ್ ಓರೆಯಾಗಿ ತಿರುಗುವಾಗ ಒಂದು ಸುತ್ತಿನಲ್ಲಿ ಎರಡು ಸಲ ವೇಗ ಏರಿಳಿಯುತ್ತದೆ. ಎರಡೂ ತುದಿಯ ಓರೆ ಸಮ ಇದ್ದರೆ ಒಂದರದ್ದನ್ನು ಇನ್ನೊಂದು ಸರಿದೂಗಿಸುತ್ತದೆ. ಲಿಫ್ಟ್ ಆದಾಗ ಈ ಸಮ ತಪ್ಪುತ್ತದೆ. ಮೊಬೈಲಿನ ಲೆವೆಲ್ ಆ್ಯಪ್‌ನಲ್ಲೇ ಎರಡು ಕಡೆಯ ಕೋನ ಅಳೆಯಬಹುದು. ಕ್ರಾಸ್‌ನ ಕಪ್ ಸುತ್ತ ನೋಡಿ. ತುಕ್ಕಿನ ಕೆಂಪು ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಒಣಗಿದೆ, ಗ್ರೀಸ್ ಹೊಡೆದರೆ ಅದು ವಾಪಸ್ ಬರುವುದಿಲ್ಲ, ಬದಲಾಯಿಸಿ. ಶ್ಯಾಕಲ್ ಉದ್ದ ಮಾಡಿದಾಗ ಇಡೀ ಆಕ್ಸಲ್ ಸ್ವಲ್ಪ ತಿರುಗುತ್ತದೆ. ಆಗ ಸ್ಟಿಯರಿಂಗ್‌ನ ಕ್ಯಾಸ್ಟರ್ (ಚಕ್ರ ಎಡ ಬಲ ತಿರುಗುವ ಅಕ್ಷದ ಹಿಂದುಮುಂದಿನ ಓರೆ), ಡಿಫರೆನ್ಷಿಯಲ್‌ಗೆ ಶಕ್ತಿ ತರುವ ಪಿನಿಯನ್‌ನ ಕೋನ ಎರಡೂ ಒಟ್ಟಿಗೆ ಬದಲಾಗುತ್ತವೆ. ವೆಡ್ಜ್ ಹಾಕಿ ಒಂದನ್ನು ಸರಿ ಮಾಡಲು ಹೋದರೆ ಇನ್ನೊಂದು ಕೆಡಬಹುದು. ಎರಡನ್ನೂ ಅಳೆದೇ ವೆಡ್ಜ್ ಆರಿಸಿ.

ಜಿಮ್ನಿಯಲ್ಲಿ ಆಕ್ಸಲ್ಲನ್ನು ಅಡ್ಡಕ್ಕೆ ಹಿಡಿದಿಡುವ ಪ್ಯಾನ್‌ಹಾರ್ಡ್ ರಾಡ್ ಇದೆ. ಗಾಡಿ ನೆಲದ ಮೇಲೆ ನಿಂತಿರಲಿ, ಎಂಜಿನ್ ಆನ್ ಇರಲಿ, ಒಬ್ಬರು ಸ್ಟಿಯರಿಂಗನ್ನು ಎಡ ಬಲ ಎಡ ಬಲ ಸಣ್ಣಗೆ ಆಡಿಸಲಿ. ನೀವು ಪಕ್ಕದಿಂದ ಬಗ್ಗಿ ರಾಡ್‌ನ ಎರಡೂ ತುದಿ ನೋಡಿ. ಬೋಲ್ಟ್ ರಂಧ್ರದೊಳಗೆ ಆಡುತ್ತಿದ್ದರೆ ಬೆರಳಿಟ್ಟರೆ ಗೊತ್ತಾಗುತ್ತದೆ.

ಡಿಫರೆನ್ಷಿಯಲ್, ಬ್ರೀದರ್

ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಸ್ವರದಲ್ಲಿ ಊಂ ಅನ್ನುವುದು ಫೋರ್ ವೀಲ್‌ನಲ್ಲಿ ಮಾತ್ರ ಬಂದರೆ ಡಿಫರೆನ್ಷಿಯಲ್ ಒಳಗಿನ ಕ್ರೌನ್ ಪಿನಿಯನ್ ಗೇರುಗಳ ಕಡೆ ಬನ್ನಿ. ಆಯಿಲ್ ಇಳಿಸಿ ನೋಡಿ. ಡ್ರೈನ್ ಬೋಲ್ಟ್‌ನ ಮ್ಯಾಗ್ನೆಟ್‌ಗೆ ಸಣ್ಣ ಪುಡಿ ಅಂಟಿದ್ದರೆ ಮಾಮೂಲು, ಚೂರು ಸಿಕ್ಕರೆ ಬಿಚ್ಚಲೇಬೇಕು. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಲಿಫ್ಟ್ ಮಾಡಿದ ಗಟ್ಟಿ ಆಕ್ಸಲ್ ಗಾಡಿಗಳಲ್ಲಿ ಒಳಗಿನ ಗಾಳಿ ಆಡಲು ಇರುವ ಬ್ರೀದರ್ ಪೈಪ್ ಉದ್ದ ಸಾಲದೆ ಎಳೆದುಕೊಂಡು ಕಳಚುತ್ತದೆ. ಬಿಸಿ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಉದ್ದ ಪೈಪ್ ಹಾಕಿ ಮೇಲಕ್ಕೆ, ಎಂಜಿನ್ ಬೇ ಒಳಗೆ ಕಟ್ಟಿ. ಬ್ರೇಕ್ ಹೋಸ್, ಎ.ಬಿ.ಎಸ್. ವೈರ್ ಕೂಡ ಚಕ್ರ ಜೋತಾಡುವಾಗ, ಸ್ಟಿಯರಿಂಗ್ ಎರಡೂ ತುದಿಗೆ ತಿರುಗಿಸಿ, ಎಳೆಯುತ್ತದಾ ನೋಡಿಬಿಡಿ.

ಬಾಲ್ ಜಾಯಿಂಟ್ ಅಥವಾ ಟೈ ರಾಡ್ ಎಂಡ್ ಆಡುತ್ತಿದ್ದರೆ, ವೀಲ್ ಸ್ಟಡ್ ಮುರಿದಿದ್ದರೆ, ಬ್ರೇಕ್ ಹೋಸ್ ಉಜ್ಜಿ ಸವೆದಿದ್ದರೆ ಗಾಡಿಯನ್ನು ಅಲ್ಲಿಂದ ಓಡಿಸಬೇಡಿ. ಮೆಕ್ಯಾನಿಕ್ಕನ್ನೇ ಕರೆಸಿ. ಕಾಗದದ ವಿಷಯವೂ ಮರೆಯಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಇನ್ಶೂರೆನ್ಸ್‌ನವರನ್ನೂ ಆರ್.ಟಿ.ಒ. ಕಚೇರಿಯನ್ನೂ ಮೊದಲೇ ಕೇಳಿಕೊಳ್ಳಿ.

ಎಲ್ಲ ನೋಡಿಯೂ ಸಿ.ವಿ. ಶಾಫ್ಟಿನ ಓರೆಯೇ ಕಾರಣ ಅಂತ ಖಾತ್ರಿಯಾದರೆ ಎರಡು ದಾರಿ. ಡಿಫರೆನ್ಷಿಯಲ್ಲನ್ನೇ ಸ್ವಲ್ಪ ಕೆಳಗಿಳಿಸುವ ಡ್ರಾಪ್ ಕಿಟ್ ಒಂದು. ಹಾಕಿದರೆ ಅಡಿಯ ರಕ್ಷಣಾ ಪ್ಲೇಟ್ ಎಲ್ಲೂ ತಾಗುತ್ತಿಲ್ಲ ಅಂತ ನೋಡಿ, ಇಲ್ಲವಾದರೆ ಅದೇ ಹೊಸ ಸದ್ದು. ನಾನು ಮೊದಲು ಹೇಳುವುದು ಇನ್ನೊಂದನ್ನು: ಲಿಫ್ಟನ್ನೇ ಹತ್ತು ಹದಿನೈದು ಮಿಲಿಮೀಟರ್ ಇಳಿಸಿ. ಎತ್ತರ ಹೊಂದಿಸಬಹುದಾದ ಸ್ಟ್ರಟ್ ಇದ್ದರೆ ಮಧ್ಯಾಹ್ನದೊಳಗೆ ಮುಗಿಯುವ ಕೆಲಸ. ಇಳಿಸಿದ ಮೇಲೆ ಬುಷ್ ಬೋಲ್ಟ್‌ಗಳನ್ನು ಮತ್ತೆ ನೆಲದ ಮೇಲೇ ಬಿಗಿ ಮಾಡಿ, ಅಲೈನ್‌ಮೆಂಟ್ ಮಾಡಿಸಿ, ಅದೇ ಕಾಂಪೌಂಡ್ ಗೋಡೆ ಪಕ್ಕ ಇನ್ನೊಂದು ಸಲ ಓಡಿಸಿ ಕೇಳಿ.